ಕಲ್ಮಿಕರ ಹಕ್ಕಿ, ತುರ್ಕರ ಹೆಸರು

ಕುರಿ, ಕುದುರೆ, ಒಂಟೆಗಳನ್ನು ಹೊಡೆದುಕೊಂಡು ಹುಲ್ಲು ಕಂಡಲ್ಲಿ ಡೇರೆ ಹಾಕುವ ಜನ ಸಾಮಾನ್ಯವಾಗಿ ಕೋಳಿ ಸಾಕುವುದಿಲ್ಲ. ಕುರಿ ತನ್ನ ಕಾಲಿನ ಮೇಲೆ ತಾನು ನಡೆದು ಬರುತ್ತದೆ; ಕೋಳಿಯನ್ನು ಬುಟ್ಟಿಯಲ್ಲಿ ಹೊರಬೇಕು. ಕೋಳಿಗೆ ಕಾಳು ಬೇಕು, ಕಾಳಿಗೆ ಹೊಲ ಬೇಕು, ಹೊಲಕ್ಕೆ ಒಂದೆಡೆ ನೆಲೆನಿಂತ ಬಾಳು ಬೇಕು. ಒಟ್ಟಿನಲ್ಲಿ ಕೋಳಿ ಊರಿನ ಹಕ್ಕಿ, ಅಲೆಮಾರಿಯ ಹಕ್ಕಿಯಲ್ಲ. ಹೀಗಿದ್ದರೂ ಶತಮಾನಗಳ ಕಾಲ ಡೇರೆಯಲ್ಲೇ ಬಾಳಿದ ಕಲ್ಮಿಕರ ಭಾಷೆಯಲ್ಲಿ ಕೋಳಿಗೆ ಪುಟ್ಟದಾದ, ಬಹಳ ಹಳೆಯದಾದ ಹೆಸರೊಂದುಂಟು: ‘ತಕಾ’. ಸಾಕದ ಹಕ್ಕಿಗೆ ಹೆಸರು ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಕೋಳಿಯಿಂದ ಡೇಗೆಗೆ, ಡೇಗೆಯಿಂದ ಗರುಡನಿಗೆ, ಅಲ್ಲಿಂದ ದೊಡ್ಡದೊಂದು ಜನಾಂಗದ ಅಲೆದಾಟದ ಕಥೆಗೆ ಹೋಗಿ ಮುಟ್ಟುತ್ತೇವೆ. ಕನ್ನಡದ ತರಗತಿಗಳಲ್ಲಿ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ಶಬ್ದಗಳನ್ನು ನಾಲ್ಕು ಕಟ್ಟು ಮಾಡಿ ಇಡುವ ನನ್ನಂಥವರಿಗೆ, ನಮ್ಮದಲ್ಲದ ಒಂದು ಭಾಷೆಯಲ್ಲಿ ಈ ಕಟ್ಟುಗಳು ಹೇಗೆ ಬಿಚ್ಚಿಕೊಳ್ಳುತ್ತವೆಂಬುದನ್ನು ನೋಡುವುದೇ ಒಂದು ಸೊಗಸು.

ಕಲ್ಮಿಕರು ಯಾರೆಂಬುದನ್ನು ಮೊದಲು ಹೇಳಬೇಕು. ಇವರು ಮಂಗೋಲರಲ್ಲಿ ಪಶ್ಚಿಮದ ಶಾಖೆಯವರು. ತಮ್ಮ ಹಳೆಯ ಹೆಸರಿನಲ್ಲಿ ಓಯಿರಾತರು. ಇವರ ನೆಲೆ ಚೀನಾದ ವಾಯವ್ಯದಲ್ಲಿರುವ ಜುಂಗಾರಿಯದ ಹುಲ್ಲುಬಯಲು. 17ನೆಯ ಶತಮಾನದ ಆರಂಭದಲ್ಲಿ ಅವರಲ್ಲಿ ತೊರ್ಗೂತ್ ಎಂಬ ಪಂಗಡದವರು ಹೋ ಓರ್ಲೊಕ್ ಎಂಬ ನಾಯಕನ ಹಿಂದೆ ಪಶ್ಚಿಮಕ್ಕೆ ಸರಿಯತೊಡಗಿ, 1630ರ ಸುಮಾರಿಗೆ ವೋಲ್ಗಾ ನದಿಯ ಕೆಳಗಣ ಬಯಲಿಗೆ ಬಂದು ನಿಂತರು. ಯೂರೋಪಿನ ಅಂಚಿನಲ್ಲಿ, ಕಾಸ್ಪಿಯನ್ ಸಮುದ್ರದ ಪಕ್ಕದಲ್ಲಿ, ಟಿಬೆಟ್ಟಿನ ಸಂಪ್ರದಾಯದ ಬೌದ್ಧರ ಒಂದು ನಾಡು ಹೀಗೆ ಹುಟ್ಟಿತು. ಅದು ಇಂದು ರಷ್ಯಾ ಒಕ್ಕೂಟದೊಳಗಿನ ಕಲ್ಮಿಕಿಯಾ ಗಣರಾಜ್ಯ. ಎಲಿಸ್ತಾ ಅದರ ರಾಜಧಾನಿ.

ರಷ್ಯದ ಸರಕಾರದ ಹಿಡಿತ ಬಿಗಿಯಾಗುತ್ತ ಬಂದಂತೆ ಇವರಿಗೆ ಹಳೆಯ ನಾಡಿನ ನೆನಪು ಹೆಚ್ಚಿತು. 1771ರ ಜನವರಿಯಲ್ಲಿ ಉಬಾಷಿ ಖಾನನು ಒಂದೂವರೆ ಲಕ್ಷಕ್ಕೂ ಮೀರಿದ ಜನರನ್ನು ಕಟ್ಟಿಕೊಂಡು ಜುಂಗಾರಿಯಕ್ಕೆ ಹಿಂದಿರುಗಿ ಹೊರಟ. ಚಳಿ, ಹಸಿವು, ದಾರಿಯಲ್ಲಿ ಕಜಾಕರ ದಾಳಿ; ಅರ್ಧಕ್ಕಿಂತ ಕಡಮೆ ಜನ ಗುರಿ ಮುಟ್ಟಿದರು. ಆ ವರ್ಷ ವೋಲ್ಗಾ ಹೆಪ್ಪುಗಟ್ಟದಿದ್ದುದರಿಂದ ಹೊಳೆಯ ಪಶ್ಚಿಮದ ದಡದಲ್ಲಿದ್ದವರು ದಾಟಲಾಗದೆ ಅಲ್ಲಿಯೇ ಉಳಿದರು. ಉಳಿದವರ ಸಂತತಿಯೇ ಇಂದಿನ ಕಲ್ಮಿಕರು.

‘ಉಳಿದವರು’ ಎಂದೊಡನೆ ಒಂದು ಮಾತು. ತುರ್ಕಿ ಭಾಷೆಗಳಲ್ಲಿ ‘ಕಲ್’ ಎಂದರೆ ಉಳಿ ಎಂದರ್ಥ. ಆದ್ದರಿಂದ 1771ರಲ್ಲಿ ಉಳಿದುಕೊಂಡವರೇ ‘ಕಲ್ಮಕ್’ ಆದರೆಂದು ಹಲವರು ಬರೆದಿದ್ದಾರೆ. ಕಥೆ ಅಂದವಾಗಿದೆ, ಆದರೆ ನಿಲ್ಲುವುದಿಲ್ಲ. ಮಧ್ಯ ಏಷ್ಯದ ಮುಸಲ್ಮಾನ ಇತಿಹಾಸಕಾರರು ಓಯಿರಾತರನ್ನು ‘ಕಲ್ಮಾಕ್’ ಎಂದು 15ನೆಯ ಶತಮಾನದಲ್ಲಿಯೇ ಕರೆದಿದ್ದರು. ಹೆಸರು ಘಟನೆಗಿಂತ ಮುನ್ನೂರು ವರ್ಷ ಹಳೆಯದು! ಆದರೂ ಒಂದು ಅಂಶ ನಿಜ: ಇದು ತುರ್ಕರು ಇಟ್ಟ ಹೆಸರು. ನೆರೆಯವರು ಕೂಗಿದ ಹೆಸರನ್ನು ಕೊನೆಗೆ ಇವರೂ ಒಪ್ಪಿಕೊಂಡು ‘ಹಾಲ್ಮ್ಗ್’ ಎಂದು ಉಚ್ಚರಿಸತೊಡಗಿದರು. ಹಕ್ಕಿಗಳ ಹೆಸರಿರಲಿ, ಜನಾಂಗದ ಹೆಸರೇ ಎರವಲು.

ಇಲ್ಲಿ ತುರ್ಕರೆಂದರೆ ಇಸ್ತಾಂಬುಲ್ಲಿನವರು ಮಾತ್ರವಲ್ಲ ಎಂಬುದನ್ನು ವಾಚಕರು ನೆನಪಿಡಬೇಕು. ಕಜಾಕರು, ಕಿರ್ಗಿಜರು, ತಾತಾರರು, ನೋಗಾಯಿಗಳು, ಉಯಿಗುರರು ಎಲ್ಲರೂ ತುರ್ಕಿ ಕುಲದ ಭಾಷೆಗಳನ್ನು ಆಡುವವರೇ. ವೋಲ್ಗಾ ತೀರಕ್ಕೆ ಬಂದಮೇಲೆ ಕಲ್ಮಿಕರ ಸುತ್ತಲೂ ಇದ್ದವರು ಈ ಜನ. ಹೀಗಾಗಿ ಕಲ್ಮಿಕ್ ಭಾಷೆಯಲ್ಲಿ ಒಂದು ತುರ್ಕಿ ಶಬ್ದ ಕಂಡೊಡನೆ, ಇದು ಪಕ್ಕದ ಮನೆಯ ನೋಗಾಯಿಯಿಂದಲೋ ತಾತಾರನಿಂದಲೋ ಮೊನ್ನೆ ಮೊನ್ನೆ ಬಂದದ್ದು ಎಂದು ಊಹಿಸುವುದು ಸುಲಭ. ಸುಲಭವಾದ ಊಹೆ ಸರಿಯಾಗಿರಲೇಬೇಕೆಂದಿಲ್ಲ.

ಪರೀಕ್ಷೆಯ ಕ್ರಮ ಸರಳವಾದುದು. ಸಾವಿರಾರು ಮೈಲಿ ಆಚೆ ಮಂಗೋಲಿಯದಲ್ಲಿ ಖಲ್ಖಾ ಮಂಗೋಲರಿದ್ದಾರೆ. ಅವರು ವೋಲ್ಗಾವನ್ನು ಕಂಡವರಲ್ಲ. ಒಂದು ಶಬ್ದ ಕಲ್ಮಿಕರಲ್ಲಿಯೂ ಖಲ್ಖಾದಲ್ಲಿಯೂ ಇದ್ದರೆ, ಅದು ಅವರಿಬ್ಬರೂ ಬೇರೆಯಾಗುವ ಮೊದಲೇ ಬಂದಿರಬೇಕು. ಕೋಳಿಗೆ ಖಲ್ಖಾದಲ್ಲಿ ‘ತಖಿಯಾ’. ಕಲ್ಮಿಕರದು ‘ತಕಾ’. ಹಳೆಯ ತುರ್ಕಿಯಲ್ಲಿ ‘ತಕಿಗು’. ಇಂದಿನ ತುರ್ಕಿಯಲ್ಲಿ ‘ತವುಕ್’. ಇದೇ ಶಬ್ದ ಪಶ್ಚಿಮಕ್ಕೂ ನಡೆದು ಹಂಗೇರಿಯವರ ಬಾಯಲ್ಲಿ ‘ತ್ಯೂಕ್’ ಆಗಿದೆ. ಹಂಗೇರಿಯನ್ನರ ಪೂರ್ವಿಕರೂ ಒಂದು ಕಾಲಕ್ಕೆ ಹುಲ್ಲುಬಯಲಿನ ಅಲೆಮಾರಿಗಳು. 9ನೆಯ ಶತಮಾನದ ಕೊನೆಯಲ್ಲಿ ಈಗಿನ ನಾಡಿಗೆ ಬರುವ ಮೊದಲು ತುರ್ಕರ ನೆರೆಯಲ್ಲಿ ಇದ್ದವರು. ನಡುವೆ ನಿಂತ ತುರ್ಕರು ಪೂರ್ವದವರಿಗೂ ಪಶ್ಚಿಮದವರಿಗೂ ಕೋಳಿಯ ಹೆಸರನ್ನು ಹಂಚಿದಂತಾಯಿತು.

ಆದರೆ ಡೇರೆಯವರಿಗೆ ಕೋಳಿಯ ಹೆಸರು ಏಕೆ ಬೇಕಾಯಿತು? ನನಗೆ ತೋರುವ ಮಟ್ಟಿಗೆ ಉತ್ತರ ಕೋಳಿಗೂಡಿನಲ್ಲಿಲ್ಲ, ಪಂಚಾಂಗದಲ್ಲಿದೆ. ಇಲಿ, ಎತ್ತು, ಹುಲಿ, ಮೊಲ, ಘಟಸರ್ಪ, ಹಾವು, ಕುದುರೆ, ಕುರಿ, ಮಂಗ, ಕೋಳಿ, ನಾಯಿ, ಹಂದಿ ಎಂದು ಹನ್ನೆರಡು ವರ್ಷಗಳಿಗೆ ಹನ್ನೆರಡು ಪ್ರಾಣಿಗಳನ್ನು ಹೆಸರಿಸುವ ಚೀನೀಯರ ಕ್ರಮ ತುರ್ಕರಿಗೆ ಬಹು ಹಿಂದೆಯೇ ಗೊತ್ತಿತ್ತು. ಮಂಗೋಲಿಯದ ಓರ್ಖಾನ್ ಕಣಿವೆಯ ಶಿಲಾಶಾಸನದಲ್ಲಿ, 731ರಲ್ಲಿ ತೀರಿಕೊಂಡ ಕುಲ್ ತೆಗಿನ್ ಎಂಬ ತುರ್ಕ ರಾಜಕುಮಾರನ ಮರಣವನ್ನು ‘ಕುರಿಯ ವರ್ಷ’ದಲ್ಲಿ ಎಂದೇ ಕೆತ್ತಿದ್ದಾರೆ. ಈ ಲೆಕ್ಕ ಮಂಗೋಲರಿಗೆ ಬಂದಾಗ ಏನಾಯಿತೆಂಬುದನ್ನು ನೋಡಿ. ನಾಯಿಗೆ ಕಲ್ಮಿಕರು ತಮ್ಮದೇ ‘ನೊಖಾ’ ಎನ್ನುತ್ತಾರೆ. ಮೊಲಕ್ಕೆ ‘ತೂಲಾ’, ಹಾವಿಗೆ ‘ಮೊಘಾ’. ಇವೆಲ್ಲ ಡೇರೆಯ ಸುತ್ತ ದಿನವೂ ಕಾಣುವ ಪ್ರಾಣಿಗಳು. ಹುಲಿ, ಮಂಗ, ಕೋಳಿ ಈ ಮೂರಕ್ಕೆ ಮಾತ್ರ ‘ಬಾರ್’, ‘ಮೊಚಿನ್’, ‘ತಕಾ’. ತುರ್ಕಿಯ ‘ಬಾರ್ಸ್’, ‘ಬಿಚಿನ್’, ‘ತಕಿಗು’ಗಳೇ ಇವು. ಹುಲ್ಲುಬಯಲಿನಲ್ಲಿ ಮಂಗವನ್ನು ಯಾರು ಕಂಡಿದ್ದರು? ಕಾಣದ ಪ್ರಾಣಿ ಹೆಸರಿನ ಸಮೇತ ಪಂಚಾಂಗದ ಜತೆಗೆ ಬಂತು. ಕೋಳಿಯೂ ಹಾಗೆಯೇ ಬಂದಿರಬೇಕು.

ಈ ಪಂಚಾಂಗಕ್ಕೂ ನಮಗೂ ಒಂದು ನೆಂಟಸ್ತಿಕೆ ಇದೆ. ಕಲ್ಮಿಕರು ಟಿಬೆಟ್ಟಿನ ಕಾಲಚಕ್ರ ಪದ್ಧತಿಯ ಬೌದ್ಧರಾದುದರಿಂದ ಅವರದೂ ಅರವತ್ತು ವರ್ಷಗಳ ಚಕ್ರ. ಅದರ ಮೊದಲ ವರ್ಷವನ್ನು ಟಿಬೆಟ್ಟಿನವರು ‘ರಬ್‌ಜುಂಗ್’ ಎನ್ನುತ್ತಾರೆ. ಅದು ನಮ್ಮ ‘ಪ್ರಭವ’ ಸಂವತ್ಸರದ ಅನುವಾದವೇ. ದಕ್ಷಿಣದ ನಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವರ್ಷಗಳು ತಾಳೆಯಾಗುತ್ತವೆ. 2017ರ ಯುಗಾದಿಗೆ ನಾವು ಹೇವಿಳಂಬಿ ಸಂವತ್ಸರವನ್ನು ಬರಮಾಡಿಕೊಂಡೆವಲ್ಲ, ಅದೇ ವರ್ಷ ಅವರಿಗೆ ‘ತಕಾ ಜಿಲ್’, ಕೋಳಿಯ ವರ್ಷ.

ಮಂಗೋಲಿಯದಲ್ಲಿ ಹುಂಜವನ್ನು ‘ಅಜರ್ಗನ್ ತಖಿಯಾ’ ಎನ್ನುತ್ತಾರೆ, ಅಂದರೆ ‘ಬೀಜದ ಕುದುರೆ ಕೋಳಿ’! ಕೋಳಿಯನ್ನು ಕಂಡರೂ ಅವರ ಮನಸ್ಸಿಗೆ ಬಂದದ್ದು ಕುದುರೆಯೇ.

ಕೋಳಿ ಸಾಕು, ಇನ್ನು ಆಕಾಶದತ್ತ ನೋಡೋಣ. ಹುಲ್ಲುಬಯಲಿನವರಿಗೆ ಹಕ್ಕಿಗಳಲ್ಲೆಲ್ಲ ಪ್ರಿಯವಾದದ್ದು ಬೇಟೆಯ ಹಕ್ಕಿ. ಡೇಗೆಯನ್ನು ಪಳಗಿಸಿ ಕೈಮೇಲೆ ಕೂರಿಸಿಕೊಂಡು ಹೋಗುವ ಬೇಟೆ ಅಲ್ಲಿ ಅರಸರಿಗೆ ವಿನೋದ, ಬಡವರಿಗೆ ಹೊಟ್ಟೆಪಾಡು. 13ನೆಯ ಶತಮಾನದ ‘ಮಂಗೋಲರ ಗುಪ್ತ ಇತಿಹಾಸ’ ಎಂಬ ಗ್ರಂಥದಲ್ಲಿ ಚಿಂಗೀಸ್ ಖಾನನ ಪೂರ್ವಿಕನಾದ ಬೊದೊಂಚರನ ಕಥೆ ಬರುತ್ತದೆ. ಅಣ್ಣಂದಿರು ಪಾಲು ಕೊಡದೆ ಹೊರಗಟ್ಟಿದ ಹುಡುಗ ಅವನು. ಓನೊನ್ ನದಿಯ ಪಕ್ಕದಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡು ಕುಳಿತಿರುವಾಗ, ಒಂದು ಡೇಗೆ ಕಾಡುಕೋಳಿಯ ಜಾತಿಯ ಹಕ್ಕಿಯೊಂದನ್ನು ಹಿಡಿದು ತಿನ್ನುವುದನ್ನು ಕಾಣುತ್ತಾನೆ. ತನ್ನ ಬಡಕಲು ಕುದುರೆಯ ಬಾಲದ ಕೂದಲಿನಿಂದ ಉರುಳು ಹೆಣೆದು ಅದನ್ನು ಹಿಡಿಯುತ್ತಾನೆ, ಸಾಕುತ್ತಾನೆ. ವಸಂತದಲ್ಲಿ ಬಾತು ಹೆಬ್ಬಾತುಗಳು ಬಂದಿಳಿದಾಗ ಡೇಗೆಯನ್ನು ಹಸಿವಿನಲ್ಲಿಟ್ಟು ಹಾರಿಬಿಡುತ್ತಾನೆ. ಬೇಟೆ ಎಷ್ಟು ಬಿತ್ತೆಂದರೆ, ಒಣಮರಗಳಿಗೆ ನೇತುಹಾಕಿದ ಹಕ್ಕಿಗಳು ತಿಂದು ಮುಗಿಯದೆ ನಾರತೊಡಗಿದವಂತೆ. ಈ ಕಥೆಯ ಡೇಗೆಗೆ ಗ್ರಂಥದಲ್ಲಿರುವ ಹೆಸರು ‘ಖರ್ಚಿಗಾಯ್’. ಕಲ್ಮಿಕರಲ್ಲಿ ಇದು ‘ಹರ್‍ಚ್‌ಖ್’ ಎಂದು ಸವೆದಿದೆ, ಕಜಾಕರಲ್ಲಿ ‘ಕರ್‌ಶಿಗಾ’.

ಅದೇ ಗ್ರಂಥದಲ್ಲಿ ಇನ್ನೊಂದು ಹಕ್ಕಿ. ಒಂಬತ್ತು ವರ್ಷದ ತೆಮುಜಿನನಿಗೆ, ಅಂದರೆ ಮುಂದಿನ ಚಿಂಗೀಸನಿಗೆ, ಹೆಣ್ಣು ನೋಡಲು ತಂದೆ ಕರೆದೊಯ್ಯುತ್ತಾನೆ. ದಾರಿಯಲ್ಲಿ ಸಿಕ್ಕ ದೇಯ್ ಸೆಚೆನ್ ಎಂಬ ಮುಖ್ಯಸ್ಥ, ‘ಬಿಳಿಯ ಶೊಂಖೊರ್ ಒಂದು ಸೂರ್ಯಚಂದ್ರರನ್ನು ಉಗುರುಗಳಲ್ಲಿ ಹಿಡಿದು ಬಂದು ನನ್ನ ಕೈಮೇಲೆ ಕುಳಿತಂತೆ ಕನಸಾಯಿತು’ ಎಂದು ಹೇಳಿ ಮಗಳನ್ನು ತೋರಿಸುತ್ತಾನೆ. ಶೊಂಖೊರ್ ಎಂದರೆ ಉತ್ತರ ದೇಶದ ದೊಡ್ಡ ಡೇಗೆ. ಕಲ್ಮಿಕರಿಗೂ ಅದು ‘ಶೊಂಖ್ರ್’. ತುರ್ಕಿಯಲ್ಲಿ ‘ಸುಂಕುರ್’, ಕಜಾಕರಲ್ಲಿ ‘ಸುಂಕಾರ್’.

ಮೂರನೆಯದು ‘ನಾಚ್ನ್’, ಮಂಗೋಲರ ‘ನಾಚಿನ್’. ಇದೂ ಡೇಗೆಯ ಒಂದು ಜಾತಿ. ತುರ್ಕಿಯಲ್ಲಿ ‘ಲಾಚಿನ್’. ಕಾಷ್ಗರದ ಮಹಮೂದನೆಂಬ ಪಂಡಿತ 1070ರ ದಶಕದಲ್ಲಿ ಬಾಗ್ದಾದಿನಲ್ಲಿ ಕುಳಿತು ತುರ್ಕಿ ಶಬ್ದಗಳನ್ನೆಲ್ಲ ಅರಬ್ಬಿಯಲ್ಲಿ ವಿವರಿಸಿ ಒಂದು ದೊಡ್ಡ ನಿಘಂಟು ಬರೆದ. ಅದರಲ್ಲಿ ಲಾಚಿನ್ ಇದೆ. ಇದು ಮಂಗೋಲರಲ್ಲಿ ‘ನ’ಕಾರಕ್ಕೆ ತಿರುಗಿದ್ದು ಏಕೆ? ಹಳೆಯ ಮಂಗೋಲ್ ಭಾಷೆಯ ಸ್ವಂತ ಶಬ್ದಗಳು ‘ಲ’ಕಾರದಿಂದ ಆರಂಭವಾಗುವುದು ವಿರಳ. ‘ರಾಜ’ ಎಂಬುದು ನಮ್ಮ ಬಾಯಲ್ಲಿ ‘ಅರಸ’ನಾದಂತೆ, ‘ಲೋಕ’ವು ತಮಿಳರಲ್ಲಿ ‘ಉಲಗ’ವಾದಂತೆ, ಬಂದ ಅತಿಥಿ ಮನೆಯ ಬಾಗಿಲಿಗೆ ತಕ್ಕಂತೆ ತಲೆ ಬಾಗಿಸಬೇಕಾಯಿತು. ಸ್ವಾರಸ್ಯವೇನೆಂದರೆ ತುರ್ಕಿಯಲ್ಲಿಯೂ ‘ಲ’ಕಾರದ ಆರಂಭ ಸ್ವಂತದ್ದಲ್ಲ! ಆದ್ದರಿಂದ ಲಾಚಿನ್ ತುರ್ಕರ ಮನೆಯಲ್ಲಿಯೂ ಹಳೆಯ ಅತಿಥಿಯೇ. ಸಾಲ ಕೊಟ್ಟವನೇ ಸಾಲ ತಂದವನು.

ಈ ಹಕ್ಕಿಗಳ ಹೆಸರು ಮನುಷ್ಯರ ಮೇಲೂ ಕುಳಿತಿತು. ಅಲೆಪ್ಪೋದ ಅಧಿಪತಿಯಾಗಿ 1094ರಲ್ಲಿ ಹತನಾದ ಆಕ್ ಸುಂಕುರನ ಹೆಸರಿಗೆ ‘ಬಿಳಿ ಡೇಗೆ’ ಎಂದೇ ಅರ್ಥ. ‘ತೊಘ್ರುಲ್’ ಎಂಬುದು ಇನ್ನೊಂದು ಬೇಟೆಯ ಹಕ್ಕಿ. ಸೆಲ್ಜುಕ್ ಸಾಮ್ರಾಜ್ಯವನ್ನು ಕಟ್ಟಿದ ತೊಘ್ರಿಲ್ ಬೇಗನಿಗೂ, ಚಿಂಗೀಸನನ್ನು ಮೊದಲು ಸಾಕಿ ಆಮೇಲೆ ಅವನ ಶತ್ರುವಾದ ಕೆರೆಯಿತರ ವಾಂಗ್ ಖಾನನಿಗೂ ಅದೇ ಹೆಸರು. ಪರ್ಷಿಯದ ಇತಿಹಾಸಕಾರ ರಶೀದುದ್ದೀನ್ ಇದನ್ನು ಪಾರಸಿಕರ ಸೀಮುರ್ಗ್‌ನಂಥ ದಿವ್ಯಪಕ್ಷಿಯೆಂದು ವಿವರಿಸುತ್ತಾನೆ. ಕಲ್ಮಿಕರ ತೊರ್ಗೂತ್ ನಾಯಕರು ತಮ್ಮ ವಂಶವನ್ನು ಹೇಳಿಕೊಳ್ಳುತ್ತಿದ್ದುದು ಇದೇ ವಾಂಗ್ ಖಾನನಿಂದ. ನಮ್ಮ ದೇಶಕ್ಕೂ ಈ ಹಕ್ಕಿಗಳು ಹಾರಿಬಂದಿವೆ. ದೆಹಲಿಯ ಸುಲ್ತಾನ ಬಲ್ಬನನ ಹೆಸರನ್ನು ಕೆಲವರು ‘ಬಲಬಾನ್’ ಎಂಬ ಡೇಗೆಗೆ ಜೋಡಿಸುತ್ತಾರೆ. 1280ರ ಸುಮಾರಿನಲ್ಲಿ ಬಂಗಾಳದಲ್ಲಿ ಅವನ ಮೇಲೆ ದಂಗೆಯೆದ್ದು ಹತನಾದವನು ತುಘ್ರಿಲ್. ಡೇಗೆಯನ್ನು ಡೇಗೆಯೇ ಹರಿದು ತಿಂದಂತಾಯಿತು.

ಇದನ್ನೆಲ್ಲ ತುರ್ಕರ ವಿಚಿತ್ರವೆಂದು ನಾವು ನಗಬೇಕಾಗಿಲ್ಲ. ವಿಜಯನಗರದ ಸಾಳುವ ನರಸಿಂಹನ ಮನೆತನದ ಹೆಸರಿನಲ್ಲಿರುವ ‘ಸಾಳುವ’ ಬೇಟೆಯ ಗಿಡುಗವಲ್ಲದೆ ಇನ್ನೇನು? ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1130ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಡೇಗೆಯ ಬೇಟೆಗೆಂದೇ ‘ಶ್ಯೇನವಿನೋದ’ವೆಂಬ ಭಾಗವಿದೆ. ಆದರೆ ನಮ್ಮಲ್ಲಿ ಅದು ಅರಮನೆಯ ಆಟವಾಗಿಯೇ ಉಳಿಯಿತು.

ಡೇಗೆಯನ್ನು ಆಡಿಸುವವನಿಗೆ ಮಂಗೋಲರಲ್ಲಿ ‘ಶಿಬಾಗುಚಿ’ ಎಂದು ಹೆಸರು. ‘ಶಿಬಾಗುನ್’ ಎಂದರೆ ಹಕ್ಕಿ, ಕಲ್ಮಿಕರ ‘ಶೊವುನ್’. ಕೊನೆಯ ‘ಚಿ’ ಕಸುಬನ್ನು ಸೂಚಿಸುವ ಪ್ರತ್ಯಯ. ತುರ್ಕಿಯಲ್ಲಿಯೂ ಇದೇ ‘ಚಿ’. ವಾಚಕರಿಗೆ ಇದು ಅಪರಿಚಿತವಲ್ಲ. ನಮ್ಮ ಖಜಾಂಚಿಯ ಬಾಲದಲ್ಲಿರುವುದೂ, ಹಿಂದೆ ದೀವಟಿಗೆ ಹಿಡಿಯುತ್ತಿದ್ದ ಮಶಾಲ್ಚಿಯ ಬಾಲದಲ್ಲಿದ್ದದ್ದೂ ಅದೇ. ಹಾಗೆಯೇ ಕಲ್ಮಿಕರ ವೀರಗಾಥೆಯಾದ ‘ಜಂಗರ್’ನ ‘ಬಾತರ್’ಗಳೂ ನಮ್ಮ ಮೈಸೂರು ಒಡೆಯರ ಬಿರುದಿನ ‘ಬಹದ್ದೂರ್’ ಶಬ್ದವೂ ಒಂದೇ ಬೇರಿನವು. ಪಾರಸಿಯ ಮೂಲಕ ಅವು ನಮ್ಮ ಕಚೇರಿಗಳಿಗೆ ಬಂದುವು.

ಇಷ್ಟರವರೆಗೆ ದಾರಿ ಸಲೀಸು. ಇನ್ನು ಕಲ್ಲುಮುಳ್ಳು. ಎರಡು ಭಾಷೆಗಳಲ್ಲಿ ಒಂದೇ ಶಬ್ದವಿದ್ದ ಮಾತ್ರಕ್ಕೆ ಯಾರು ಯಾರಿಗೆ ಕೊಟ್ಟರೆಂದು ಹೇಳಿಬಿಡಲು ಬರುವುದಿಲ್ಲ. ಹೊನ್ನಗರುಡನೆನ್ನಬಹುದಾದ ದೊಡ್ಡ ಹದ್ದಿಗೆ ಕಲ್ಮಿಕರು ‘ಬುರ್ಗ್‌ದ್’ ಎನ್ನುತ್ತಾರೆ, ಖಲ್ಖಾದವರು ‘ಬುರ್ಗೆದ್’, ಕಜಾಕರು ‘ಬುರ್ಕಿತ್’. ರಷ್ಯನ್ನರ ‘ಬೆರ್ಕುತ್’ ಇವರಿಂದ ಬಂದದ್ದು. ಕಲ್ಮಿಕಿಯಾದ ವಿಷಯ ಬರೆದ ಬಹಳ ಜನ ಇದನ್ನು ಸರಾಗವಾಗಿ ತುರ್ಕಿ ಎರವಲುಗಳ ಪಟ್ಟಿಗೆ ಸೇರಿಸಿಬಿಡುತ್ತಾರೆ. ಆದರೆ ಹಳೆಯ ತುರ್ಕಿಯಲ್ಲಿ ಈ ಹದ್ದಿಗೆ ಇದ್ದ ಹೆಸರು ‘ಕರ ಕುಷ್’, ಅಂದರೆ ಕರಿಯ ಹಕ್ಕಿ. ‘ಬುರ್ಕುತ್’ ತುರ್ಕಿ ಬರಹಗಳಲ್ಲಿ ಹೆಚ್ಚಾಗಿ ಕಾಣುವುದು ಮಂಗೋಲರು ಮಧ್ಯ ಏಷ್ಯವನ್ನು ಆಕ್ರಮಿಸಿದ ತರುವಾಯ. ಹಾಗಾದರೆ ಸಾಲದ ದಿಕ್ಕು ತಿರುವುಮುರುವಾಗಿರಲೂಬಹುದು. ಖರ್ಚಿಗಾಯ್ ವಿಷಯದಲ್ಲಿಯೂ ಇದೇ ಜಗಳ.

ಈ ಜಗಳಕ್ಕೆ ಹಿನ್ನೆಲೆಯಾಗಿ ಇನ್ನೂ ದೊಡ್ಡದೊಂದು ಜಗಳವಿದೆ. ಫಿನ್‌ಲೆಂಡಿನ ರಾಮ್‌ಸ್ಟೆಟ್ ಎಂಬ ವಿದ್ವಾಂಸ ತುರ್ಕಿ, ಮಂಗೋಲ್, ಮಂಚು ಭಾಷೆಗಳೆಲ್ಲ ಒಂದೇ ತಾಯಿಯ ಮಕ್ಕಳೆಂದು ಸಾಧಿಸಹೊರಟ. ಅವನ ಪ್ರಕಾರ ಸಮಾನ ಶಬ್ದಗಳು ಸಾಲವಲ್ಲ, ಪಿತ್ರ್ಯಾರ್ಜಿತ. ಇಂಗ್ಲೆಂಡಿನ ಕ್ಲಾಸನ್, ಜರ್ಮನಿಯ ಡೋರ್ಫರ್ ಮುಂತಾದವರು ಇದನ್ನು ಒಪ್ಪಲಿಲ್ಲ. ಒಡಹುಟ್ಟಿದ್ದಲ್ಲ, ಸಾವಿರಾರು ವರ್ಷದ ಕೊಡುಕೊಳು ಎಂದರು. ಸಂಸ್ಕೃತದ ‘ಮಯೂರ’ವೂ ತಮಿಳಿನ ‘ಮಯಿಲ್’ ಕೂಡ ಒಂದೇ ಎಂದಾಗ ಯಾರಿಂದ ಯಾರಿಗೆ ಎಂದು ನಮ್ಮಲ್ಲಿಯೂ ಚರ್ಚೆ ನಡೆದದ್ದುಂಟು. ಸಂಸ್ಕೃತವೇ ಸದಾ ಕೊಡುವ ಕೈ ಎಂದು ನಂಬಿದ್ದವರ ಮುಂದೆ ಕಿಟ್ಟೆಲ್ ತಮ್ಮ 1894ರ ನಿಘಂಟಿನ ಮುನ್ನುಡಿಯಲ್ಲಿ, ಸಂಸ್ಕೃತವು ದ್ರಾವಿಡದಿಂದ ಪಡೆದಿರಬಹುದಾದ ಶಬ್ದಗಳ ಒಂದು ಉದ್ದನೆಯ ಪಟ್ಟಿಯನ್ನೇ ಇಟ್ಟರು. ಶಕ್ತನು ಕೊಟ್ಟ, ಅಶಕ್ತನು ಪಡೆದ ಎಂಬ ಎಣಿಕೆ ಶಬ್ದಗಳ ಲೋಕದಲ್ಲಿ ನಡೆಯುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ತಕಾ ಮತ್ತು ನಾಚ್ನ್ ಎಂಬಿವನ್ನು ತುರ್ಕಿ ಸಾಲವೆಂದು ಧೈರ್ಯವಾಗಿ ಬರೆಯುತ್ತೇನೆ. ಶೊಂಖ್ರ್ ಬಹುಮಟ್ಟಿಗೆ ಹಾಗೆಯೇ. ಬುರ್ಗ್‌ದ್ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ. ನಿರ್ವಿವಾದವಾದ ಅಂಶ ಒಂದೇ: ನಾನು ಇಲ್ಲಿ ಹೆಸರಿಸಿದ ಈ ಹಕ್ಕಿಗಳೆಲ್ಲ ಖಲ್ಖಾ ಮಂಗೋಲರಲ್ಲಿಯೂ ಇವೆ. ಅಂದಮೇಲೆ ಇವು ವೋಲ್ಗಾ ತೀರದಲ್ಲಿ ಪಡೆದ ಸಾಲವಾಗಲಾರವು. ಸಂತೆಗೆ ಕಲ್ಮಿಕರು ‘ಬಜ್ರ್’ ಎನ್ನುವುದು ಹೊಸ ನೆರೆಯವರ ಕೊಡುಗೆ ಇರಬಹುದು. ಬೇಟೆಯ ಹಕ್ಕಿಗಳನ್ನಂತೂ ಅವರು ಪೂರ್ವದಿಂದ ಕೈಮೇಲೆ ಕೂರಿಸಿಕೊಂಡೇ ಬಂದರು.

ಈ ಬುರ್ಗ್‌ದ್ ರಷ್ಯನ್ ಸಾಹಿತ್ಯವನ್ನೂ ಹೊಕ್ಕಿದೆ. ಪುಷ್ಕಿನ್ನನ ‘ಕ್ಯಾಪ್ಟನ್ನನ ಮಗಳು’ ಎಂಬ 1836ರ ಕಾದಂಬರಿಯಲ್ಲಿ ದಂಗೆಕೋರ ಪುಗಚೋವ್, ಕಲ್ಮಿಕ್ ಮುದುಕಿಯಿಂದ ಕೇಳಿದ್ದೆಂದು ಹದ್ದು ಮತ್ತು ಕಾಗೆಯ ಕಥೆ ಹೇಳುತ್ತಾನೆ. ಹೆಣ ತಿಂದು ಮುನ್ನೂರು ವರ್ಷ ಬದುಕುವ ಕಾಗೆ, ಬಿಸಿರಕ್ತ ಕುಡಿದು ಮೂವತ್ತಮೂರು ವರ್ಷಕ್ಕೆ ಸಾಯುವ ಹದ್ದು. ಹದ್ದು ಕಾಗೆಯ ಊಟದ ರುಚಿ ನೋಡಿ ಮುಖ ಸಿಂಡರಿಸಿ ತನ್ನ ಬಾಳೇ ಸಾಕೆನ್ನುತ್ತದೆ.

ಬೇಟೆಗೆ ಸಿಕ್ಕುವ ಹಕ್ಕಿಗಳಲ್ಲಿಯೂ ಇಂಥ ಜೋಡಿಗಳಿವೆ. ಬಯಲಿನಲ್ಲಿ ಓಡಾಡುವ ಭಾರಿ ಹಕ್ಕಿಯಾದ ಎರೆಭೂತನ ಸಂಬಂಧಿಗೆ ಕಲ್ಮಿಕರು ‘ತೂದ್‌ಗ್’ ಎಂದರೆ ಕಜಾಕರು ‘ದುವಾದಾಕ್’. ರಷ್ಯನ್ನರ ‘ದುದಾಕ್’ ತುರ್ಕರಿಂದ. ಗೌಜಲಿನಂಥ ಪುಟ್ಟ ಲಾವುಗೆ ಮಂಗೋಲರದು ‘ಬೊದ್ನೊ’, ಕಜಾಕರದು ‘ಬೊದೆನೆ’. (ಇಲ್ಲಿನ ಸ್ವರ ನಮ್ಮ ‘ಒ’ ಅಲ್ಲ, ‘ಎ’ ಅಲ್ಲ, ಎರಡರ ನಡುವಣದು. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಓಯಿರಾತರ ಭಿಕ್ಷು ಜಾಯಾ ಪಂಡಿತ 1648ರಲ್ಲಿ ಇಂಥ ಸ್ವರಗಳ ಗೊಂದಲ ತಪ್ಪಿಸಲೆಂದೇ ‘ಸ್ಪಷ್ಟ ಲಿಪಿ’ ಎಂಬ ಹೊಸ ಬರವಣಿಗೆಯನ್ನು ರಚಿಸಿದ್ದ.)

ಸಾಲ ಮಾಡದ ಹಕ್ಕಿಗಳೂ ಇವೆಯೆಂಬುದನ್ನು ಮರೆಯಬಾರದು. ಹೆಬ್ಬಾತು ‘ಘಲುನ್’, ಬಾತು ‘ನುಘ್ಸ್ನ್’, ಕಾಗೆ ‘ಕೆರೆ’, ಎಲ್ಲವೂ ಮನೆಯವೇ. ಪಾರಿವಾಳದ್ದು ವಿಚಿತ್ರ ಸಂಗತಿ. ಕಲ್ಮಿಕರ ‘ಕೊಗಲ್ಜ್ರ್‌ಘನ್’, ಕಜಾಕರ ‘ಕೊಗೆರ್‌ಶಿನ್’ ಎರಡರ ಬೇರೂ ‘ಕೊಕ್’, ನೀಲಿ. ರಷ್ಯನ್ನಿನಲ್ಲಿಯೂ ಪಾರಿವಾಳ ‘ಗೋಲುಬ್’, ತಿಳಿನೀಲಿ ‘ಗೊಲುಬೋಯ್’. ಶಬ್ದವನ್ನು ಸಾಲ ತಂದದ್ದಲ್ಲ. ಒಂದೇ ಹಕ್ಕಿಯನ್ನು ನೋಡಿ ಮೂರು ಜನಕ್ಕೂ ಒಂದೇ ಬಣ್ಣ ಕಂಡಿತು. ನಮ್ಮ ‘ಪಾರಿವಾಳ’ವಾದರೋ ಸಂಸ್ಕೃತದ ‘ಪಾರಾವತ’ದಿಂದ ಬಂದ ತದ್ಭವ.

ನಮ್ಮ ನೆಲದ ಹಕ್ಕಿಯೊಂದು ಕಲ್ಮಿಕರವರೆಗೆ ಹಾರಿದ್ದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಅದು ಗರುಡ. ಬೌದ್ಧಧರ್ಮದ ಸಂಸ್ಕೃತ ಶಬ್ದಗಳನೇಕ ಮಂಗೋಲರಿಗೆ ಮುಟ್ಟಿದ್ದು ತುರ್ಕರಲ್ಲಿ ವಿದ್ಯಾವಂತರಾಗಿದ್ದ ಉಯಿಗುರರ ಕೈಯಿಂದ. ‘ರತ್ನ’ ಅವರಲ್ಲಿ ‘ಎರ್ದಿನಿ’ಯಾಗಿ, ಮಂಗೋಲರಲ್ಲಿ ‘ಎರ್ದೆನಿ’ಯಾಗಿ, ಕಲ್ಮಿಕರಲ್ಲಿ ‘ಎರ್ದ್ನಿ’ ಎಂಬ ಗಂಡುಮಕ್ಕಳ ಹೆಸರಾಗಿ ನಿಂತಿದೆ. ಗರುಡ ಮಂಗೋಲರಿಗೆ ‘ಖಾನ್ ಗರಿದ್’, ಕಲ್ಮಿಕರಿಗೆ ‘ಖಾನ್ ಘೆರ್ದ್’, ಪಕ್ಷಿಗಳ ಖಾನ. ಮಂಗೋಲರು ಹೇಳುವ ಒಂದು ಕಥೆ ಹೀಗಿದೆ. ಲೋಕದಲ್ಲಿ ಯಾರ ಮಾಂಸ ಬಲು ರುಚಿಯೆಂದು ತಿಳಿದುಬರಲು ಗರುಡ ಕಣಜವನ್ನೂ ಕವಲುಬಾಲದ ಅಂಬರಗುಬ್ಬಿಯನ್ನೂ ಕಳುಹಿಸುತ್ತಾನೆ. ಕಣಜ ಎಲ್ಲರನ್ನೂ ಕಚ್ಚಿ ನೋಡಿ ಮನುಷ್ಯನೇ ರುಚಿ ಎನ್ನುತ್ತದೆ. ಮನುಷ್ಯರ ಮೇಲೆ ಕನಿಕರಗೊಂಡ ಗುಬ್ಬಿ ಅದರ ನಾಲಗೆಯನ್ನೇ ಕಚ್ಚಿ ಕಿತ್ತುಬಿಡುತ್ತದೆ. ಅಂದಿನಿಂದ ಕಣಜಕ್ಕೆ ಝೇಂಕಾರವಲ್ಲದೆ ಮಾತಿಲ್ಲ. ರಾಜನ ಮುಂದೆ ಗುಬ್ಬಿ ಹೇಳಿದ್ದು: ‘ಸ್ವಾಮಿ, ಹಾವಿನ ಮಾಂಸವೇ ರುಚಿ.’ ಗರುಡ ಹಾವನ್ನು ತಿನ್ನತೊಡಗಿದ್ದು ಹೀಗಂತೆ. ಕದ್ರೂ ವಿನತೆಯರಿಲ್ಲ, ಅಮೃತಕಲಶವಿಲ್ಲ. ಆದರೂ ಹಾವನ್ನು ಮಾತ್ರ ಅವರು ಬಿಡಲಿಲ್ಲ.

ಈ ಹೆಸರುಗಳೆಲ್ಲ ನಮಗೆ ಗೊತ್ತಾದದ್ದು ಹೇಗೆ? 18ನೆಯ ಶತಮಾನದಲ್ಲಿ ರಷ್ಯದ ಅಕಾಡೆಮಿಯ ಪರವಾಗಿ ಸಂಚರಿಸಿದ ಪೀಟರ್ ಸೈಮನ್ ಪಲ್ಲಾಸ್ ಎಂಬ ಜರ್ಮನ್ ಪ್ರಕೃತಿವಿಜ್ಞಾನಿ, ಉಬಾಷಿಯ ಜನ ಹೊರಟುಹೋದ ಆಸುಪಾಸಿನ ವರ್ಷಗಳಲ್ಲಿಯೇ ಕಲ್ಮಿಕ್ ಬಯಲುಗಳಲ್ಲಿ ಓಡಾಡಿದ. ರಷ್ಯದ ಪ್ರಾಣಿಗಳನ್ನು ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ರಷ್ಯನ್, ತಾತಾರ, ಕಲ್ಮಿಕ್ ಹೆಸರುಗಳನ್ನೂ ಅವನು ಬರೆದಿಟ್ಟ. ಆಮೇಲೆ ಅದೇ ರಾಮ್‌ಸ್ಟೆಟ್ 1903ರಲ್ಲಿ ವೋಲ್ಗಾ ತೀರಕ್ಕೆ ಹೋಗಿ ಕಲ್ಮಿಕರ ಬಾಯಿಂದಲೇ ಕೇಳಿ ಶಬ್ದಗಳನ್ನು ಗುರುತಿಸಿಕೊಂಡ. ನಡುವೆ ಜಪಾನಿನಲ್ಲಿ ಫಿನ್‌ಲೆಂಡಿನ ರಾಯಭಾರಿಯಾಗಿ ಹತ್ತು ವರ್ಷ ಕಳೆದು, ಅಂತೂ 1935ರಲ್ಲಿ ಹೆಲ್ಸಿಂಕಿಯಲ್ಲಿ ಕಲ್ಮಿಕ್ ನಿಘಂಟನ್ನು ಅಚ್ಚುಹಾಕಿಸಿದ. ಅವನ ಮೂಲಸಿದ್ಧಾಂತವನ್ನು ಇಂದು ಬಹಳ ಜನ ಒಪ್ಪುವುದಿಲ್ಲ. ಆದರೆ ನಿಘಂಟನ್ನು ಕೆಳಗಿಡುವವರಿಲ್ಲ.

ಅಚ್ಚಾಗಿ ಎಂಟು ವರ್ಷ ಕಳೆಯುವುದರೊಳಗೆ ಆ ನಿಘಂಟಿಗೆ ಯಾರೂ ಬಯಸದ ಬೆಲೆಯೊಂದು ಬಂತು. 1943ರ ಡಿಸೆಂಬರ್ 28ರಂದು ಸ್ಟಾಲಿನನ ಸರಕಾರ, ಜರ್ಮನರಿಗೆ ನೆರವಾದರೆಂಬ ಆರೋಪ ಹೊರಿಸಿ, ಹೆಂಗಸು ಮಕ್ಕಳೆನ್ನದೆ 90 ಸಾವಿರಕ್ಕೂ ಹೆಚ್ಚು ಕಲ್ಮಿಕರನ್ನು ದನದ ಗಾಡಿಗಳಂಥ ರೈಲುಡಬ್ಬಿಗಳಲ್ಲಿ ತುಂಬಿ ಸೈಬೀರಿಯಕ್ಕೆ ಸಾಗಿಸಿತು. ಗಣರಾಜ್ಯವೇ ರದ್ದಾಯಿತು. ದಾರಿಯಲ್ಲಿಯೂ ಮೊದಲ ಚಳಿಗಾಲಗಳಲ್ಲಿಯೂ ಸಾವಿರಾರು ಜನ ಸತ್ತರು. ಹದಿಮೂರು ವರ್ಷ ಅವರಿಗೆ ಕಲ್ಮಿಕ್ ಶಾಲೆಯಿಲ್ಲ, ಪತ್ರಿಕೆಯಿಲ್ಲ. ಅಲ್ಲಿ ಬೆಳೆದ ಮಕ್ಕಳು ರಷ್ಯನ್ ಕಲಿತರು. ತೂದ್‌ಗ್ ಓಡಾಡುವ ಬಯಲಾಗಲಿ, ಅದನ್ನು ಬೆರಳಿನಿಂದ ತೋರಿಸಿ ಹೆಸರು ಹೇಳುವ ಅಜ್ಜನಾಗಲಿ ಅವರ ಕಣ್ಣೆದುರಿಗೆ ಇರಲಿಲ್ಲ. ಮರಳಿ ಬಂದ ತರುವಾಯ 1977ರಲ್ಲಿ ಮಾಸ್ಕೋದಲ್ಲಿ ದೊಡ್ಡ ಕಲ್ಮಿಕ್–ರಷ್ಯನ್ ನಿಘಂಟು ಪ್ರಕಟವಾಯಿತು. ಆದರೆ ನಿಘಂಟಿನಲ್ಲಿರುವುದು ಬೇರೆ, ನಾಲಗೆಯ ಮೇಲಿರುವುದು ಬೇರೆ. 2010ರ ಜನಗಣತಿಯಲ್ಲಿ ಕಲ್ಮಿಕ್ ಬಲ್ಲೆವೆಂದು ಬರೆಸಿದವರು ಸುಮಾರು 80 ಸಾವಿರ ಮಂದಿ. ಯುನೆಸ್ಕೋದ ಪಟ್ಟಿ ಇದನ್ನು ಅಪಾಯದಲ್ಲಿರುವ ಭಾಷೆಗಳಲ್ಲಿ ಸೇರಿಸಿದೆ.

ಹಕ್ಕಿಗಳಿಗೂ ಅಲ್ಲಿ ಈಗ ಒಂದು ರಕ್ಷಿತ ತಾಣವಿದೆ. 1990ರಲ್ಲಿ ಆರಂಭವಾದ ‘ಕರಿಯ ನೆಲ’ ಎಂಬ ಅಭಯಧಾಮವದು. ಮಾನಿಚ್-ಗುದಿಲೊ ಎಂಬ ಉಪ್ಪುನೀರಿನ ಸರೋವರದ ಒಂದು ಭಾಗವೂ ಅದರೊಳಗಿದೆ. ಬೆಳ್ಳಕ್ಕಿಗಿಂತ ಎತ್ತರದ ಕೊಂಚೆ ಹಕ್ಕಿಗಳು, ಕಲ್ಮಿಕರ ‘ತೊಘ್ರುನ್’ಗಳು, ಬೇಸಗೆಯಲ್ಲಿ ಅಲ್ಲಿ ಮರಿಮಾಡುತ್ತವೆ.

ಅವರು ಸೈಬೀರಿಯದಿಂದ ಹಿಂದಿರುಗಿದ ವರ್ಷವನ್ನು ಹೇಳದೆ ಬಿಟ್ಟೆ. 1957ರ ಜನವರಿಯಲ್ಲಿ ಕಲ್ಮಿಕ್ ಪ್ರಾಂತ ಮತ್ತೆ ಸ್ಥಾಪಿತವಾಯಿತು; ಆ ವರ್ಷ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ವೋಲ್ಗಾದ ಕಡೆಗೆ ಹೊರಟುವು. ನಮ್ಮ ಪಂಚಾಂಗದಲ್ಲಿ ಆ ಯುಗಾದಿಗೆ ಹೇವಿಳಂಬಿ. ಅವರದರಲ್ಲಿ ‘ತಕಾ ಜಿಲ್’.